ನಮ್ಮ ಸರ್‌ನೇಮ್ ಟಕ್ಕರ್: ಮೂಲ ಹುಡುಕುವುದು ಎಲ್ಲಿಂದ?

ಪ್ರಶ್ನೆ: ನಮ್ಮ ಮನೆತನದ ಹೆಸರು ಟಕ್ಕರ್. ಅಪ್ಪನಿಗೆ ಈಗ 78 ವರ್ಷ. ಅವರ ತಂದೆ, ಅಂದರೆ ನನ್ನ ತಾತ, 1912ರಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಹುಟ್ಟಿದವರು. ತಾತನ ತಂದೆ ಜೇಮ್ಸ್ ಇಂಗ್ಲೆಂಡಿನಿಂದ ಗಣಿ ಕೆಲಸಕ್ಕೆ ಬಂದವರು ಅಂತ ಮನೆಯಲ್ಲಿ ಹೇಳುತ್ತಾರೆ. ಅಮ್ಮ ಕೋಲಾರದ ಕಡೆಯ ಕನ್ನಡದವರು, ನಾವು ಓದಿ ಬೆಳೆದಿದ್ದೂ ಕನ್ನಡದಲ್ಲೇ. ಹೋದ ವರ್ಷ ನನ್ನ ತಮ್ಮ ಒಂದು ವೆಬ್‌ಸೈಟಿಗೆ ದುಡ್ಡು ಕಟ್ಟಿ 'ಟಕ್ಕರ್ ವಂಶದ ಇತಿಹಾಸ ಮತ್ತು ಲಾಂಛನ' ತರಿಸಿದ. 1066ರಲ್ಲಿ ವಿಲಿಯಂ ದೊರೆಯ ಜೊತೆ ಬಂದ ಒಬ್ಬ ವೀರ ನಮ್ಮ ಮೂಲಪುರುಷ ಅಂತ ಅದರಲ್ಲಿದೆ. ಅದನ್ನು ಚೌಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದೇವೆ. ಈಗ ಒಬ್ಬ ಸಂಬಂಧಿಕರು 'ಟಕ್ಕರ್ ಅಂದರೆ ಬಟ್ಟೆ ತುಳಿಯುವವನು' ಅಂದರು. ಅಪ್ಪನ ತಂಗಿಗೆ ತುಂಬಾ ಬೇಜಾರಾಗಿದೆ, 'ಹಾಗಾದರೆ ನಾವು ಅಗಸರಾ?' ಅಂತ ಕೇಳುತ್ತಾರೆ. ಇನ್ನೊಬ್ಬರು, 'ಇಂಗ್ಲೆಂಡೂ ಇಲ್ಲ, ಏನೂ ಇಲ್ಲ, ಬ್ಯಾಪ್ಟಿಸಂ ಆದಾಗ ಪಾದ್ರಿ ಕೊಟ್ಟ ಹೆಸರು ಅದು' ಅನ್ನುತ್ತಾರೆ. ಇದರಲ್ಲಿ ನಿಜ ಯಾವುದು? ಡಿಎನ್‌ಎ ಪರೀಕ್ಷೆ ಮಾಡಿಸಬಹುದಾ? ಮಗ, ಇದೆಲ್ಲ ಸಿಕ್ಕಿದರೆ ಯುಕೆ ವೀಸಾಕ್ಕೆ ಉಪಯೋಗವಾಗುತ್ತದಾ ಅಂತಲೂ ಕೇಳುತ್ತಿದ್ದಾನೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಸಿಕ್ಕುಹಾಕಿಕೊಂಡಿವೆ. ಟಕ್ಕರ್ ಅನ್ನೋ ಹೆಸರು ಎಲ್ಲಿಂದ ಬಂತು ಅನ್ನುವುದು ಒಂದು. ನಿಮ್ಮ ಮನೆಯವರು ಎಲ್ಲಿಂದ ಬಂದರು ಅನ್ನುವುದು ಇನ್ನೊಂದು. ಮನೆತನದ ಇತಿಹಾಸ ಹುಡುಕಿಕೊಡುವ ಕೆಲಸದಲ್ಲಿ ನಾನು ಜಾಸ್ತಿ ನೋಡಿರುವುದು ಇದನ್ನೇ: ಎರಡಕ್ಕೂ ಉತ್ತರ ಒಂದೇ ಅಂತ ಜನ ಅಂದುಕೊಳ್ಳುತ್ತಾರೆ, ದುಡ್ಡು ಹೋಗುವುದೂ ಅಲ್ಲೇ, ಮನೆಯಲ್ಲಿ ಮನಸ್ತಾಪ ಶುರುವಾಗುವುದೂ ಅಲ್ಲೇ. ಹೆಸರಿನ ಮೂಲ ಒಂದು ಸಂಜೆಯಲ್ಲಿ ಗೊತ್ತಾಗಿಬಿಡುತ್ತದೆ. ಮನೆಯ ಮೂಲಕ್ಕೆ ತಿಂಗಳುಗಟ್ಟಲೆ ಬೇಕು, ಅದೂ ನಿಮ್ಮ ಅಪ್ಪನಿಂದ ಶುರುಮಾಡಿ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು. 1066ರಿಂದ ಶುರುಮಾಡಿ ಕೆಜಿಎಫ್‌ಗೆ ಬಂದು ಸೇರುತ್ತೇನೆ ಅಂದರೆ ಯಾರಿಗೂ ಆಗುವುದಿಲ್ಲ.

ಮೊದಲು ಆ ಲಾಂಛನದ ಮಾತು ಮುಗಿಸೋಣ. ಇಂಗ್ಲೆಂಡಿನಲ್ಲಿ ಸರ್‌ನೇಮ್‌ಗೆ ಲಾಂಛನ ಅಂತ ಇಲ್ಲವೇ ಇಲ್ಲ. ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ. ಆಮೇಲೆ ಅದು ಅವನ ನೇರ ಸಂತತಿಗೆ, ಸಾಮಾನ್ಯವಾಗಿ ಗಂಡುಮಕ್ಕಳ ಕಡೆಯಿಂದ ಇಳಿದು ಬರುತ್ತದೆ. ಕೊಡುವ, ದಾಖಲೆ ಇಡುವ ಸಂಸ್ಥೆ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್. 1484ರಲ್ಲಿ ಶುರುವಾಗಿದ್ದು ಈಗಲೂ ಕೆಲಸ ಮಾಡುತ್ತಿದೆ. ಯಾವುದೋ ಕಾಲದಲ್ಲಿ ಟಕ್ಕರ್ ಅನ್ನುವ ಒಬ್ಬರಿಗೆ ಲಾಂಛನ ಸಿಕ್ಕಿದ್ದರೆ ಅದು ಅವರ ಮನೆಯದು, ಟಕ್ಕರ್ ಅನ್ನುವ ಎಲ್ಲರದೂ ಅಲ್ಲ. ಗೌಡ ಅನ್ನುವ ಒಬ್ಬರ ಜಮೀನಿನ ಪಹಣಿ ತಂದು ಇನ್ನೊಬ್ಬ ಗೌಡರ ಮನೆಯಲ್ಲಿ ನೇತುಹಾಕಿದ ಹಾಗೆ ಅದು.

ಇನ್ನು 1066. ನಾರ್ಮನ್ನರು, ಅಂದರೆ ಫ್ರಾನ್ಸಿನ ನಾರ್ಮಂಡಿಯಿಂದ ವಿಲಿಯಂ ದೊರೆಯ ಜೊತೆ ಬಂದು ಇಂಗ್ಲೆಂಡನ್ನು ಗೆದ್ದವರು, ಬಂದಾಗ ಅಲ್ಲಿನ ಸಾಮಾನ್ಯ ಜನಕ್ಕೆ ಸರ್‌ನೇಮೇ ಇರಲಿಲ್ಲ. ಜಾನ್ ಅಂದರೆ ಜಾನ್, ಅಷ್ಟೇ. ಊರಲ್ಲಿ ನಾಲ್ಕು ಜಾನ್ ಇದ್ದರೆ ಹಳ್ಳದ ಪಕ್ಕದ ಜಾನ್, ಕಮ್ಮಾರ ಜಾನ್, ರಾಬರ್ಟನ ಮಗ ಜಾನ್, ಗಿಡ್ಡ ಜಾನ್ ಅಂತ ಕರೆಯುತ್ತಿದ್ದರು. ಅದು ಅಪ್ಪನಿಂದ ಮಗನಿಗೆ ಅಂಟಿಕೊಂಡು ಬರಲು ಶುರುವಾಗಿದ್ದು ನಾರ್ಮನ್ನರ ನಂತರ. ಮೊದಲು ಜಮೀನ್ದಾರರಲ್ಲಿ, ಆಮೇಲೆ ಪೇಟೆಯವರಲ್ಲಿ, ಕೊನೆಗೆ ಹಳ್ಳಿಯ ಜನರಲ್ಲಿ. ಇಂಗ್ಲೆಂಡಿನ ಬಹುಪಾಲು ಕಡೆ ಇದು ಗಟ್ಟಿಯಾಗುವಷ್ಟರಲ್ಲಿ 1400 ಆಗಿತ್ತು. ವಿಲಿಯಂ ದೊರೆಯ ಜೊತೆ ಯುದ್ಧಕ್ಕೆ ಬಂದಿದ್ದವರು ಅಂತ ಹೆಸರು ಸಮೇತ ಗಟ್ಟಿ ಸಾಕ್ಷಿ ಇರುವುದು 20ರ ಆಸುಪಾಸಿನಷ್ಟು ಜನಕ್ಕೆ ಮಾತ್ರ. ಆ ವೆಬ್‌ಸೈಟಿನವರು ಯಾವ ಸರ್‌ನೇಮ್ ಕೊಟ್ಟರೂ ಇಂಥದೇ ಕಥೆ ಕಳಿಸುತ್ತಾರೆ. ಚೌಕಟ್ಟು ಚೆನ್ನಾಗಿದ್ದರೆ ಗೋಡೆಯ ಮೇಲೆ ಇರಲಿ, ಆದರೆ ಅದರಲ್ಲಿನ ಒಂದು ಸಾಲನ್ನೂ ನಿಮ್ಮ ವಂಶವೃಕ್ಷಕ್ಕೆ ಸೇರಿಸಬೇಡಿ.

ಈಗ ನಿಮ್ಮ ಅಪ್ಪನ ತಂಗಿಯವರ ಬೇಜಾರಿನ ವಿಷಯ. ಟಕ್ಕರ್ ಕಸುಬಿನಿಂದ ಬಂದ ಹೆಸರು ಅನ್ನುವುದು ನಿಜ, ಆದರೆ ಆ ಕಸುಬು ಬಟ್ಟೆ ಒಗೆಯುವುದಲ್ಲ. (ಒಗೆಯುವುದೇ ಆಗಿದ್ದರೂ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ, ಆ ಮಾತು ಬೇರೆ.) ಮಗ್ಗದಿಂದ ಇಳಿಸಿದ ಉಣ್ಣೆ ಬಟ್ಟೆ ಸಡಿಲವಾಗಿ, ಜಿಡ್ಡುಜಿಡ್ಡಾಗಿ ಇರುತ್ತದೆ. ಎಳೆಗಳ ನಡುವೆ ಬೆಳಕು ಕಾಣುತ್ತದೆ. ಅದನ್ನು ತೊಟ್ಟಿಯಲ್ಲಿ ಹಾಕಿ, ಹಳೆಯ ಮೂತ್ರ ಮತ್ತು ಜಿಡ್ಡು ಹೀರುವ ಒಂದು ಬಗೆಯ ಜೇಡಿ ಮಣ್ಣು ಸೇರಿಸಿ, ಗಂಟೆಗಟ್ಟಲೆ ಕಾಲಲ್ಲಿ ತುಳಿಯುತ್ತಿದ್ದರು. ಮೂತ್ರದಲ್ಲಿನ ಅಮೋನಿಯಾ ಜಿಡ್ಡು ಬಿಡಿಸುತ್ತಿತ್ತು. ತುಳಿತಕ್ಕೆ ಉಣ್ಣೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗಿ, ದಪ್ಪಗಾಗಿ, ಚಳಿ ಗಾಳಿಗೆ ತಡೆಯುವಂತಾಗುತ್ತಿತ್ತು. ಆಮೇಲೆ ಕೊಕ್ಕೆಗಳಿರುವ ಉದ್ದನೆಯ ಚೌಕಟ್ಟಿಗೆ ಬಿಗಿದು ಬಯಲಲ್ಲಿ ಒಣಗಿಸಬೇಕು. 12ನೇ ಶತಮಾನದ ಕೊನೆಯ ಹೊತ್ತಿಗೆ ತುಳಿಯುವ ಕೆಲಸಕ್ಕೆ ನೀರಿನ ಗಿರಣಿಗಳು ಬಂದವು. ಮರದ ಸುತ್ತಿಗೆಗಳು ಎದ್ದು ಬಿದ್ದು ಬಟ್ಟೆ ಕುಟ್ಟುತ್ತಿದ್ದವು. ಇಂಗ್ಲೆಂಡಿನ ಸಂಪತ್ತು ಉಣ್ಣೆಯ ಮೇಲೆ ನಿಂತಿದ್ದ ಕಾಲ ಅದು. ಈ ಕೆಲಸದವರಿಗೆ ಒಳ್ಳೆಯ ಮರ್ಯಾದೆಯೂ ಇತ್ತು, ಸಂಘವೂ ಇತ್ತು. ಡೆವನ್ ಜಿಲ್ಲೆಯ ಎಕ್ಸೆಟರ್ ಪಟ್ಟಣದಲ್ಲಿ 1471ರಲ್ಲಿ ಕಟ್ಟಿದ ಟಕ್ಕರ್ಸ್ ಹಾಲ್ ಅನ್ನುವ ಕಟ್ಟಡ ಈಗಲೂ ನಿಂತಿದೆ. ನೇಯುವವರು, ತುಳಿಯುವವರು, ಬಟ್ಟೆಯ ಜುಂಗು ಕತ್ತರಿಸುವವರು, ಈ ಮೂವರ ಸಂಘದ ಮನೆ ಅದು. ಅತ್ತೆಯವರಿಗೆ ಅದರ ಫೋಟೋ ತೋರಿಸಿ.

ನಮ್ಮಲ್ಲಿ ಕಸುಬು ಅಂದ ಕೂಡಲೇ ಜಾತಿ ನೆನಪಾಗುತ್ತದೆ, ಅವರ ಬೇಜಾರಿನ ಬೇರು ಇರುವುದು ಅಲ್ಲೇ. ಇಂಗ್ಲೆಂಡಿನಲ್ಲಿ ಹಾಗಾಗಲಿಲ್ಲ. ಹೆಸರು ಗಟ್ಟಿಯಾದ ಮೇಲೆ ಕಸುಬು ಬಿಟ್ಟುಹೋಯಿತು. ಟಕ್ಕರನ ಮಗ ಬೇಸಾಯಗಾರನಾದ, ಮೊಮ್ಮಗ ಹಡಗಿಗೆ ಹೋದ, ಹೆಸರು ಮಾತ್ರ ಹಾಗೇ ಉಳಿಯಿತು. 1880ರ ಸುಮಾರಿಗೆ ಹುಟ್ಟಿರಬಹುದಾದ ನಿಮ್ಮ ಜೇಮ್ಸ್ ಟಕ್ಕರ್‌ಗೂ ಬಟ್ಟೆ ತುಳಿಯುವುದಕ್ಕೂ ಐನೂರು ವರ್ಷದ ದೂರ.

ಆದರೆ ಈ ಹೆಸರಿನಿಂದ ನಿಮಗೆ ನಿಜವಾಗಿ ಉಪಯೋಗವಾಗುವ ಒಂದು ಸಂಗತಿ ಇದೆ. ಇದೇ ಕೆಲಸ ಮಾಡುವವನಿಗೆ ಇಂಗ್ಲೆಂಡಿನಲ್ಲಿ ಮೂರು ಹೆಸರುಗಳಿದ್ದವು. ಉತ್ತರದಲ್ಲಿ, ನಡುನಾಡಿನಲ್ಲಿ ವಾಕರ್. ಆಗ್ನೇಯ ಭಾಗದಲ್ಲಿ, ಅಂದರೆ ಕೆಂಟ್, ಸಸೆಕ್ಸ್, ಈಸ್ಟ್ ಆಂಗ್ಲಿಯಾ ಕಡೆ, ಫುಲ್ಲರ್. ನೈಋತ್ಯ ಮೂಲೆಯಲ್ಲಿ, ಡೆವನ್, ಕಾರ್ನ್‌ವಾಲ್, ಸಾಮರ್ಸೆಟ್ ಕಡೆ, ಟಕ್ಕರ್. ಸರ್‌ನೇಮ್‌ಗಳೂ ಹಾಗೇ ಹಂಚಿಹೋದವು. ಈಗ ಕೆಜಿಎಫ್ ಕಡೆ ತಿರುಗಿ ನೋಡಿ. 1880ರ ದಶಕದಿಂದ ಅಲ್ಲಿನ ಗಣಿಗಳನ್ನು ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಆಂಡ್ ಸನ್ಸ್. ಆ ಕಂಪನಿಯ ಮೂಲಪುರುಷ ಜಾನ್ ಟೇಲರ್ ಗಣಿ ಕೆಲಸ ಕಲಿತದ್ದೇ ಡೆವನ್ನಿನ ಟಾವಿಸ್ಟಾಕ್ ಸುತ್ತಮುತ್ತ. ಕಾರ್ನ್‌ವಾಲ್‌ನ ತಾಮ್ರದ ಗಣಿಗಳು 1866ರ ನಂತರ ನೆಲಕಚ್ಚಿದವು, ಆಮೇಲೆ ತವರದ ಗಣಿಗಳಿಗೂ ಕಷ್ಟ ಬಂತು. ಅಲ್ಲಿನ ಗಣಿಗಾರರು ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಅಮೆರಿಕ, ಕೋಲಾರ ಅಂತ ಎಲ್ಲಿ ಗಣಿ ಇತ್ತೋ ಅಲ್ಲಿಗೆಲ್ಲ ಹೋದರು. ಕಾರ್ನ್‌ವಾಲ್‌ನ ಕ್ಯಾಮ್‌ಬೋರ್ನ್ ಮತ್ತು ರೆಡ್ರೂತ್ ನಡುವೆ ಟಕಿಂಗ್‌ಮಿಲ್ ಅನ್ನುವ ಊರೇ ಇದೆ. ಬಟ್ಟೆ ಕುಟ್ಟುವ ಗಿರಣಿಯಿಂದ ಬಂದ ಹೆಸರು, ಆಮೇಲೆ ಗಣಿಗಾರರ ಊರಾಯಿತು. ಗಣಿಯಲ್ಲಿ ಮದ್ದು ಸಿಡಿಸಲು ಬಳಸುವ ಸೇಫ್ಟಿ ಫ್ಯೂಸ್‌ನ ಕಾರ್ಖಾನೆ ಶುರುವಾಗಿದ್ದು ಅಲ್ಲೇ, 1831ರಲ್ಲಿ.

ಟಕ್ಕರ್ ಅನ್ನುವ ಹೆಸರು, ಗಣಿ ಕೆಲಸ, ಕೆಜಿಎಫ್: ಈ ಮೂರೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ. ಹಾಗಾಗಿ ನಿಮ್ಮ ಮನೆಯ ಮಾತಿನಲ್ಲಿ ಹುರುಳಿದೆ ಅಂತ ನನಗೆ ಅನ್ನಿಸುತ್ತದೆ. ಆದರೂ ಇದು ಊಹೆ, ಪುರಾವೆ ಅಲ್ಲ. ಒಂದೇ ಸ್ಪೆಲಿಂಗ್‌ಗೆ ಬೇರೆ ಬೇರೆ ಬೇರುಗಳಿರುತ್ತವೆ. ಐರ್ಲೆಂಡಿನ ಒಂದು ಹಳೆಯ ಗೇಲಿಕ್ ಮನೆತನದ ಹೆಸರನ್ನೂ ಇಂಗ್ಲಿಷಿನಲ್ಲಿ ಟಕ್ಕರ್ ಅಂತಲೇ ಬರೆದರು. ಜರ್ಮನಿಯಿಂದ ಅಮೆರಿಕಕ್ಕೆ ಹೋದ ಕೆಲವರ ಹೆಸರೂ ಟಕ್ಕರ್ ಆಯಿತು. ಇಂಗ್ಲೆಂಡಿನಲ್ಲೇ ಊರೂರಿಗೂ ಒಬ್ಬೊಬ್ಬ ಟಕ್ಕರ್ ಇದ್ದ, ಅವರೆಲ್ಲ ಒಂದೇ ರಕ್ತ ಅಲ್ಲ.

ಹಾಗೆಯೇ ಪಾದ್ರಿಯ ಮಾತನ್ನೂ ತಳ್ಳಿಹಾಕುವಂತಿಲ್ಲ. ಕ್ರೈಸ್ತರಾದವರು, ಅನಾಥಾಲಯದಲ್ಲಿ ಬೆಳೆದ ಮಕ್ಕಳು, ದತ್ತು ಬಂದವರು ಇಂಗ್ಲಿಷ್ ಸರ್‌ನೇಮ್ ಪಡೆದ ಉದಾಹರಣೆಗಳು ದಕ್ಷಿಣ ಭಾರತದಲ್ಲಿ ಬೇಕಾದಷ್ಟಿವೆ. ನಿಮ್ಮ ಸಂಬಂಧಿಕರು ಸುಮ್ನೆ ಚುಚ್ಚಲು ಹೇಳಿದ್ದರೂ ಅದನ್ನು ಒಂದು ಸಾಧ್ಯತೆ ಅಂತಲೇ ಇಟ್ಟುಕೊಂಡು ಪರೀಕ್ಷೆ ಮಾಡಬೇಕು. ಒಳ್ಳೆಯ ಸುದ್ದಿ ಏನೆಂದರೆ, ಇದನ್ನು ತೀರ್ಮಾನ ಮಾಡಲು ಇಂಗ್ಲೆಂಡಿಗೆ ಹೋಗಬೇಕಿಲ್ಲ. ನಿಮ್ಮ ತಾತನ ಬ್ಯಾಪ್ಟಿಸಂ ದಾಖಲೆ ಒಂದು ಸಿಕ್ಕರೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಆ ಕಾಲದ ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಚರ್ಚಿನ) ಬ್ಯಾಪ್ಟಿಸಂ ರಿಜಿಸ್ಟರಿನ ಒಂದು ಸಾಲನ್ನು ಕಣ್ಣಮುಂದೆ ತಂದುಕೊಳ್ಳಿ. ಬ್ಯಾಪ್ಟಿಸಂ ಆದ ದಿನ. ಮಗು ಹುಟ್ಟಿದ ದಿನ. ಮಗುವಿನ ಹೆಸರು. ಗಂಡೋ ಹೆಣ್ಣೋ. ಅಪ್ಪನ ಹೆಸರು, ಅಮ್ಮನ ಹೆಸರು. ವಾಸದ ಜಾಗ: ಚಾಂಪಿಯನ್ ರೀಫ್. ಅಪ್ಪನ ಉದ್ಯೋಗ: ಮೈನರ್ ಅಂತಲೋ ಎಂಜಿನ್ ಡ್ರೈವರ್ ಅಂತಲೋ ಇರುತ್ತದೆ. ಕೊನೆಗೆ ಪಾದ್ರಿಯ ಸಹಿ. 1912ರ ಸಾಲಿನಲ್ಲಿ ಕೈಗೂಸಿನ ಅಪ್ಪ ಜೇಮ್ಸ್ ಟಕ್ಕರ್ ಅಂತ ಇದ್ದರೆ, ಹೆಸರು ಅವತ್ತು ಪಾದ್ರಿ ಕೊಟ್ಟದ್ದಲ್ಲ, ಅಪ್ಪನಿಂದ ಬಂದದ್ದು. ದೊಡ್ಡವರಾದ ಮೇಲೆ ಬ್ಯಾಪ್ಟಿಸಂ ಆದವರಿಗೆ ಸಾಮಾನ್ಯವಾಗಿ ವಯಸ್ಕರು ಅಂತ ಗುರುತು ಹಾಕಿರುತ್ತಾರೆ, ಅದನ್ನೂ ಗಮನಿಸಿ. ಅಮ್ಮನ ಹೆಸರಿನ ಕಾಲಂನಲ್ಲಿ ಬರೀ 'ಮೇರಿ' ಅಂತ ಇದ್ದು ಬೇರೇನೂ ಇಲ್ಲದಿದ್ದರೆ, ನಿಮ್ಮ ಮುತ್ತಜ್ಜಿ ಇಲ್ಲಿಯ ತಮಿಳು, ತೆಲುಗು ಅಥವಾ ಕನ್ನಡದ ಹೆಣ್ಣುಮಗಳಾಗಿರಬಹುದು. ಕೆಜಿಎಫ್‌ನಲ್ಲಿ ಇದು ಸಹಜ. ಎಷ್ಟೋ ಮನೆಗಳಲ್ಲಿ ಮುತ್ತಾತನ ಊರು ಹುಡುಕಲು ದೇಶ ಸುತ್ತುತ್ತಾರೆ, ಮುತ್ತಜ್ಜಿಯ ಹೆಸರನ್ನು ಯಾರೂ ಕೇಳುವುದಿಲ್ಲ. ನೀವು ಕೇಳಿ. ನಿಮ್ಮೊಳಗೆ ಅವರ ಪಾಲೂ ಅಷ್ಟೇ ಇದೆ.

ಈ ದಾಖಲೆ ಎರಡು ಕಡೆ ಸಿಗಬಹುದು. ಒಂದು, ಇಲ್ಲೇ. ಕೆಜಿಎಫ್ ಮೈಸೂರು ಸಂಸ್ಥಾನದಲ್ಲಿದ್ದರೂ ಅಲ್ಲಿನ ಆಂಗ್ಲಿಕನ್ ಚರ್ಚ್ ಮದ್ರಾಸ್ ಡಯಾಸಿಸ್‌ಗೆ, ಅಂದರೆ ಮದ್ರಾಸಿನ ಬಿಷಪ್ಪರ ವ್ಯಾಪ್ತಿಗೆ, ಸೇರಿತ್ತು. 1947ರ ಸೆಪ್ಟೆಂಬರ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮುಂತಾದ ಪ್ರಾಟೆಸ್ಟೆಂಟ್ ಸಭೆಗಳು ಸೇರಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆಯಿತು, ಹಾಗಾಗಿ ಹಳೆಯ ರಿಜಿಸ್ಟರುಗಳ ಬಗ್ಗೆ ಮೊದಲು ಕೇಳಬೇಕಾದ್ದು ಅಲ್ಲಿನ ಸಿಎಸ್‌ಐ ಚರ್ಚುಗಳಲ್ಲಿ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ಆರ್ಕೈವ್ಸ್‌ನಲ್ಲಿ ದಕ್ಷಿಣ ಭಾರತದ ಪ್ರಾಟೆಸ್ಟೆಂಟ್ ಸಭೆಗಳ ಹಳೆಯ ಕಾಗದಗಳಿವೆ, ಅಲ್ಲೂ ವಿಚಾರಿಸಿ. ಕಾರ್ನ್‌ವಾಲ್ ಗಣಿಗಾರರಲ್ಲಿ ಮೆಥಡಿಸ್ಟರೇ ಜಾಸ್ತಿ ಅನ್ನುವುದನ್ನು ಮರೆಯಬೇಡಿ. ಆಂಗ್ಲಿಕನ್ ಪುಸ್ತಕದಲ್ಲಿ ಇಲ್ಲ ಅಂದ ಮಾತ್ರಕ್ಕೆ ಆಗಲೇ ಇಲ್ಲ ಅಂತಲ್ಲ. ಕ್ಯಾಥೊಲಿಕ್ ಚರ್ಚನ್ನೂ ಬಿಡಬೇಡಿ, ಮುತ್ತಜ್ಜಿ ಕ್ಯಾಥೊಲಿಕ್ ಆಗಿದ್ದರೆ ಮಕ್ಕಳ ಬ್ಯಾಪ್ಟಿಸಂ ಅಲ್ಲೇ ಆಗಿರಬಹುದು. ಚರ್ಚಿಗೆ ಫೋನ್ ಮಾಡಿ ಕೇಳಿದರೆ 'ಇಲ್ಲ' ಅಂತಲೇ ಉತ್ತರ ಬರುವುದು ಹೆಚ್ಚು. ಒಂದು ಕಾಗದ ಬರೆದು, ಹೆಸರು, ಸುಮಾರು ವರ್ಷ, ನಿಮ್ಮ ಸಂಬಂಧ ಏನು ಅಂತ ನಮೂದಿಸಿ, ನೀವೇ ಹೋಗಿ ಕೊಡಿ.

ಎರಡನೆಯದು ಲಂಡನ್. ಆಗಿನ ಪಾದ್ರಿಗಳು ತಮ್ಮ ರಿಜಿಸ್ಟರಿನ ನಕಲುಗಳನ್ನು ಮದ್ರಾಸಿಗೆ ಕಳಿಸುತ್ತಿದ್ದರು, ಅಲ್ಲಿಂದ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಲಂಡನ್ನಿನ ಇಂಡಿಯಾ ಆಫೀಸಿಗೆ ಹೋಗುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಲ್ಲಿನ ಸರಣಿ ಸಂಖ್ಯೆ ಹೀಗಿದೆ: ಬಂಗಾಳದ್ದು ಎನ್/1, ಮದ್ರಾಸಿನದು ಎನ್/2, ಬೊಂಬಾಯಿಯದು ಎನ್/3. ನಿಮಗೆ ಬೇಕಾದ್ದು ಎನ್/2. ಇದರ ಬಹುಭಾಗ ಫೈಂಡ್‌ಮೈಪಾಸ್ಟ್ ಅನ್ನುವ ದುಡ್ಡು ಕಟ್ಟುವ ತಾಣದಲ್ಲಿದೆ. ಫ್ಯಾಮಿಲಿಸರ್ಚ್ ಅನ್ನುವ ತಾಣದಲ್ಲಿ ಸೂಚಿ ಉಚಿತವಾಗಿ ಸಿಗುತ್ತದೆ. ಭಾರತದಲ್ಲಿದ್ದ ಬ್ರಿಟಿಷ್ ಕುಟುಂಬಗಳ ಬಗ್ಗೆಯೇ ಕೆಲಸ ಮಾಡುವ ಫಿಬಿಸ್ ಸಂಘದ ಡೇಟಾಬೇಸನ್ನೂ ಉಚಿತವಾಗಿ ಹುಡುಕಬಹುದು. ದುಡ್ಡಿನ ತಾಣಕ್ಕೆ ಕೊನೆಯಲ್ಲಿ ಹೋಗಿ, ಅದೂ ಒಂದು ತಿಂಗಳ ಚಂದಾ ಕಟ್ಟಿ, ಏನೇನು ಹುಡುಕಬೇಕು ಅನ್ನುವ ಪಟ್ಟಿ ಕೈಯಲ್ಲಿ ಹಿಡಿದುಕೊಂಡು.

ಬ್ಯಾಪ್ಟಿಸಂ ಸಿಕ್ಕ ಮೇಲೆ ಹುಡುಕಬೇಕಾದ್ದು ಜೇಮ್ಸ್ ಅವರ ಮದುವೆ ದಾಖಲೆ. ನನ್ನ ಲೆಕ್ಕದಲ್ಲಿ ಇಡೀ ಹುಡುಕಾಟದ ಕೀಲಿಕೈ ಇದೇ. ಮದುವೆ ರಿಜಿಸ್ಟರಿನಲ್ಲಿ ವರನ ವಯಸ್ಸು, ಉದ್ಯೋಗ, ಜೊತೆಗೆ ವರನ ತಂದೆಯ ಹೆಸರೂ ಇರುತ್ತದೆ. ಆ ತಂದೆಯ ಹೆಸರು ಇಲ್ಲದೆ ಇಂಗ್ಲೆಂಡಿನ ದಾಖಲೆಗಳಿಗೆ ಕೈಹಾಕಬೇಡಿ. ಡೆವನ್ ಮತ್ತು ಕಾರ್ನ್‌ವಾಲ್‌ನಲ್ಲಿ 1875ರಿಂದ 1885ರ ನಡುವೆ ಜೇಮ್ಸ್ ಟಕ್ಕರ್ ಅನ್ನುವ ಮಗು ಒಂದೇ ಹುಟ್ಟಿರಲು ಸಾಧ್ಯವಿಲ್ಲ. ಯಾರೋ ಒಬ್ಬ ಜೇಮ್ಸ್ ಸಿಕ್ಕ ಅಂತ ಖುಷಿಯಿಂದ ಅವನನ್ನೇ ಮುತ್ತಾತ ಮಾಡಿಕೊಂಡು, ಅವನ ಮೇಲೆ ಹತ್ತು ತಲೆಮಾರು ಕಟ್ಟಿ, ಬೇರೆಯವರ ವಂಶವನ್ನು ತಮ್ಮದು ಅಂತ ಮನೆಮಂದಿಗೆಲ್ಲ ಹಂಚಿದವರನ್ನು ನಾನು ತುಂಬಾ ನೋಡಿದ್ದೇನೆ. ಇಂಟರ್ನೆಟ್ಟಿನಲ್ಲಿ ಸಿಗುವ ರೆಡಿಮೇಡ್ ವಂಶವೃಕ್ಷಗಳಲ್ಲಿ ಇಂಥವು ರಾಶಿ ಇವೆ. ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿರುತ್ತಾರೆ. ಐವತ್ತು ಕಡೆ ಒಂದೇ ಮಾಹಿತಿ ಇದೆ ಅಂದರೆ ಐವತ್ತು ಸಾಕ್ಷಿ ಅಂತಲ್ಲ.

ತಂದೆಯ ಹೆಸರು ಸಿಕ್ಕಿತು ಅಂತಿಟ್ಟುಕೊಳ್ಳಿ. ಮುಂದಿನ ಹಾದಿ ನಮ್ಮ ದೇಶಕ್ಕೆ ಹೋಲಿಸಿದರೆ ತುಂಬಾ ಸುಲಭ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟು, ಮದುವೆ, ಸಾವಿನ ಸರ್ಕಾರಿ ನೋಂದಣಿ 1837ರ ಜುಲೈ 1ರಿಂದ ಶುರು. 1875ರಿಂದ ನೋಂದಾಯಿಸದಿದ್ದರೆ ದಂಡ ಬಂತು, ಹಾಗಾಗಿ 1880ರ ಆಸುಪಾಸಿನ ಮಗು ತಪ್ಪಿಹೋಗುವುದು ಕಮ್ಮಿ. ಅಲ್ಲಿನ ಜನರಲ್ ರಿಜಿಸ್ಟರ್ ಆಫೀಸಿನ ಆನ್‌ಲೈನ್ ಸೂಚಿಯಲ್ಲಿ ಮಗುವಿನ ತಾಯಿಯ ತವರಿನ ಸರ್‌ನೇಮ್ ಕೂಡ ಇದೆ, ನೋಡಲು ದುಡ್ಡಿಲ್ಲ, ಖಾತೆ ತೆರೆದರೆ ಸಾಕು. ಅದರಿಂದ ಎಲ್ಲ ಜೇಮ್ಸ್ ಟಕ್ಕರ್‌ಗಳ ಪಟ್ಟಿ ಮಾಡಿ. ಆಮೇಲೆ ಜನಗಣತಿಗೆ ಹೋಗಿ. ಅಲ್ಲಿ ಹತ್ತು ವರ್ಷಕ್ಕೊಮ್ಮೆ ಗಣತಿ, ಮನೆಮನೆಯ ಹೆಸರುಗಳ ಸಮೇತ 1841ರಿಂದ 1921ರವರೆಗಿನದು ಸಿಗುತ್ತದೆ. 1881ರದ್ದು ಫ್ಯಾಮಿಲಿಸರ್ಚ್‌ನಲ್ಲಿ ಉಚಿತ. ಪಟ್ಟಿಯಲ್ಲಿನ ಒಬ್ಬೊಬ್ಬ ಜೇಮ್ಸ್‌ನನ್ನೂ 1881, 1891, 1901, 1911ರಲ್ಲಿ ಹಿಂಬಾಲಿಸಿ. 1911ರಲ್ಲಿ ಪ್ಲಿಮತ್‌ನಲ್ಲಿ ಹೆಂಡತಿ ಮಕ್ಕಳೊಂದಿಗೆ ಅಂಗಡಿ ಇಟ್ಟುಕೊಂಡಿದ್ದಾನಾ? ಹೊಡೆದುಹಾಕಿ, ಅವನು ನಿಮ್ಮವನಲ್ಲ, ಮುಂದಿನ ವರ್ಷವೇ ಚಾಂಪಿಯನ್ ರೀಫ್‌ನಲ್ಲಿ ಮಗು ಹುಟ್ಟುವ ಹಾಗಿಲ್ಲ. ಚಿಕ್ಕವಯಸ್ಸಿನಲ್ಲೇ ಸತ್ತವನನ್ನು ಹೊಡೆದುಹಾಕಿ. ಹೀಗೆ ಹೊಡೆಯುತ್ತಾ ಹೋಗಿ ಕೊನೆಗೆ ಗಣಿ ಮನೆಯಲ್ಲಿ ಬೆಳೆದ, ಅಪ್ಪನ ಹೆಸರು ಹೊಂದುವ, ಒಂದು ಗಣತಿಯ ನಂತರ ಇಂಗ್ಲೆಂಡಿನಲ್ಲಿ ಎಲ್ಲೂ ಕಾಣದ ಒಬ್ಬ ಉಳಿಯುತ್ತಾನೆ. ಬ್ರಿಟನ್ನಿನ ಬಂದರುಗಳಿಂದ ದೂರದೇಶಕ್ಕೆ ಹೊರಟವರ ಪಟ್ಟಿಗಳು 1890ರಿಂದ 1960ರವರೆಗೆ ಉಳಿದಿವೆ, ಲಂಡನ್ನಿನ ಕ್ಯೂ ಬಡಾವಣೆಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಬಿಟಿ 27 ಅನ್ನುವ ಸರಣಿ ಅದು. ಬೊಂಬಾಯಿಗೋ ಮದ್ರಾಸಿಗೋ ಹೊರಟ, ಗಣಿಗಾರ ಅಂತ ಬರೆಸಿದ ಜೇಮ್ಸ್ ಟಕ್ಕರ್ ಅದರಲ್ಲಿ ಸಿಕ್ಕರೆ ನಿಮ್ಮ ಕೆಲಸ ಬಹಳಷ್ಟು ಮುಗಿದಂತೆ.

1837ಕ್ಕಿಂತ ಹಿಂದೆ ಚರ್ಚಿನ ಪ್ಯಾರಿಷ್ ರಿಜಿಸ್ಟರುಗಳೇ ಆಧಾರ (ಪ್ಯಾರಿಷ್ ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಊರು). ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಪ್ರತಿ ಪ್ಯಾರಿಷ್ ಇವನ್ನು ಇಡಬೇಕು ಅಂತ ಆಜ್ಞೆ ಮಾಡಿದ್ದ. ಎಲ್ಲ ಊರಲ್ಲೂ ಅಷ್ಟು ಹಳೆಯದು ಉಳಿದಿಲ್ಲ. 1640–60ರ ಅಂತರ್ಯುದ್ಧದ ಕಾಲದಲ್ಲಿ ದೊಡ್ಡ ಕಂದಕವೇ ಇದೆ. ಸ್ಪೆಲಿಂಗ್ ಬಗ್ಗೆ ಹಟ ಬೇಡ. ಟೂಕರ್, ಟೋಕರ್, ಟಕ್ಕಾರ್ ಎಲ್ಲ ಒಂದೇ ಮನೆಯಲ್ಲಿ ಇರಬಹುದು, ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆಯುತ್ತಿದ್ದ. 1752ಕ್ಕಿಂತ ಮುಂಚೆ ಅಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ, ಹಾಗಾಗಿ ಫೆಬ್ರವರಿ 1720 ಅಂತ ಬರೆದಿದ್ದರೆ ನಮ್ಮ ಲೆಕ್ಕದಲ್ಲಿ ಅದು 1721. ಮೂಲ ಪುಸ್ತಕಗಳಲ್ಲಿ ಹೆಚ್ಚಿನವು ಡೆವನ್‌ಗೆ ಎಕ್ಸೆಟರ್‌ನ ಡೆವನ್ ಹೆರಿಟೇಜ್ ಸೆಂಟರ್‌ನಲ್ಲಿ, ಕಾರ್ನ್‌ವಾಲ್‌ಗೆ ರೆಡ್ರೂತ್‌ನ ಕ್ರೆಸೆನ್ ಕೆರ್ನೋದಲ್ಲಿ ಇವೆ. ಒಂದು ಬೇಜಾರಿನ ಸಂಗತಿಯನ್ನೂ ಹೇಳಿಬಿಡುತ್ತೇನೆ. ಡೆವನ್ನಿನ ಹಳೆಯ ಉಯಿಲುಗಳಲ್ಲಿ ಬಹುಪಾಲು 1942ರಲ್ಲಿ ಎಕ್ಸೆಟರ್ ಮೇಲೆ ಬಾಂಬ್ ಬಿದ್ದಾಗ ಸುಟ್ಟುಹೋದವು. ಆಸ್ತಿ ಹಂಚಿಕೆಯ ಕಾಗದದಿಂದ ಸಂಬಂಧ ಬಿಡಿಸುವ ದಾರಿ ಆ ಜಿಲ್ಲೆಯಲ್ಲಿ ಅರ್ಧ ಮುಚ್ಚಿದೆ. ಆದರೆ 1641–42ರಲ್ಲಿ 18 ದಾಟಿದ ಗಂಡಸರೆಲ್ಲ ಪ್ರಮಾಣ ಮಾಡಿ ಸಹಿ ಹಾಕಿದ ಪಟ್ಟಿಗಳು ಡೆವನ್ ಮತ್ತು ಕಾರ್ನ್‌ವಾಲ್‌ಗೆ ಚೆನ್ನಾಗಿ ಉಳಿದಿವೆ. ಯಾವ ಊರಿನಲ್ಲಿ ಎಷ್ಟು ಟಕ್ಕರ್‌ಗಳಿದ್ದರು ಅಂತ ಅದರಿಂದ ಕಣ್ಣಿಗೆ ಕಟ್ಟುತ್ತದೆ. ಸಾಮಾನ್ಯ ಕುಟುಂಬವೊಂದಕ್ಕೆ 1700ರ ತನಕ ಹೋಗಲು ಆದರೆ ಅದು ಒಳ್ಳೆಯ ಫಲಿತಾಂಶ. 1600 ಮುಟ್ಟಿದರೆ ಅದೃಷ್ಟ. 1066 ಅಂತೂ ಕನಸು.

ಡಿಎನ್‌ಎ ಬಗ್ಗೆ ಕೇಳಿದ್ದೀರಿ. ಮಾಡಿಸಬಹುದು, ಆದರೆ ಯಾರಿಗೆ ಮತ್ತು ಏತಕ್ಕೆ ಅಂತ ಮೊದಲು ಗೊತ್ತಿರಬೇಕು. ವೈ ಕ್ರೋಮೋಸೋಮ್ ಸರ್‌ನೇಮ್ ಥರವೇ ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ. ಹೆಂಗಸರಲ್ಲಿ ಅದು ಇರುವುದಿಲ್ಲ, ನಿಮ್ಮ ಅಪ್ಪನಲ್ಲೂ ತಮ್ಮನಲ್ಲೂ ಇದೆ. ಲೆಸ್ಟರ್ ವಿಶ್ವವಿದ್ಯಾಲಯದವರು ಬ್ರಿಟನ್ನಿನ ಸರ್‌ನೇಮ್‌ಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ಅಪರೂಪದ ಸರ್‌ನೇಮ್ ಇರುವವರು ಹೆಚ್ಚಾಗಿ ಒಬ್ಬನೇ ಮೂಲಪುರುಷನ ಕಡೆ ಹೋದರು, ಸ್ಮಿತ್ ಥರದ ಕಸುಬಿನ ಹೆಸರಿನವರು ಹಾಗೆ ಹೋಗಲಿಲ್ಲ. ಟಕ್ಕರ್ ಕೂಡ ಕಸುಬಿನ ಹೆಸರೇ. ಇನ್ನೊಬ್ಬ ಟಕ್ಕರ್ ಜೊತೆ ವೈ ಹೊಂದಿದರೆ ಅದು ಬಲವಾದ ಸುಳಿವು. ಹೊಂದದಿದ್ದರೆ ಏನೂ ತೀರ್ಮಾನವಾಗುವುದಿಲ್ಲ.

ಎರಡೂ ಕಡೆಯ ಪೂರ್ವಜರನ್ನು ನೋಡುವ ಸಾಮಾನ್ಯ ಪರೀಕ್ಷೆ ನಿಮ್ಮ ವಿಷಯದಲ್ಲಿ ಹೆಚ್ಚು ಉಪಯೋಗ. ಅದನ್ನೂ ನಿಮ್ಮ ಅಪ್ಪನಿಗೇ ಮಾಡಿಸಿ. ಜೇಮ್ಸ್ ಅವರಿಗೆ ಅಜ್ಜ, ಹಾಗಾಗಿ ಜೇಮ್ಸ್‌ನಿಂದ ಬಂದದ್ದು ಅವರಲ್ಲಿ ಸುಮಾರು ಶೇಕಡಾ 25 ಇರುತ್ತದೆ, ನಿಮ್ಮಲ್ಲಿ ಅದರ ಅರ್ಧ. ಬರುವ ವರದಿಯಲ್ಲಿ 'ಇಷ್ಟು ಭಾಗ ಬ್ರಿಟಿಷ್' ಅನ್ನುವ ಬಣ್ಣದ ನಕ್ಷೆಗೆ ಜಾಸ್ತಿ ಬೆಲೆ ಕೊಡಬೇಡಿ, ನಿಮ್ಮ ಅಜ್ಜಿಯ ಕಡೆಯೂ ಆಂಗ್ಲೋ-ಇಂಡಿಯನ್ನರಿದ್ದರೆ ಆ ಲೆಕ್ಕ ಕಲಸಿಹೋಗುತ್ತದೆ. ನೋಡಬೇಕಾದ್ದು ಹೊಂದಾಣಿಕೆಯಾದ ದೂರದ ಸಂಬಂಧಿಗಳ ಪಟ್ಟಿ. ಕಾರ್ನ್‌ವಾಲ್‌ನಲ್ಲೋ, ಕಾರ್ನಿಷ್ ಗಣಿಗಾರರು ಹೋದ ದಕ್ಷಿಣ ಆಸ್ಟ್ರೇಲಿಯಾದಲ್ಲೋ ಇರುವ ಒಬ್ಬರು ಬಂದು, ಅವರ ವಂಶದಲ್ಲೂ ಅದೇ ಜೇಮ್ಸ್‌ನ ಅಪ್ಪ ಅಮ್ಮ ಇದ್ದರೆ, ಕಾಗದವೂ ರಕ್ತವೂ ಒಂದೇ ಮಾತು ಹೇಳಿದಂತಾಯಿತು. ಕಿಟ್ ಭಾರತಕ್ಕೆ ಕಳಿಸುತ್ತಾರಾ, ಇಲ್ಲಿಂದ ಮಾದರಿ ತೆಗೆದುಕೊಳ್ಳುತ್ತಾರಾ ಅಂತ ದುಡ್ಡು ಕಟ್ಟುವ ಮೊದಲೇ ವಿಚಾರಿಸಿ.

ಇದರ ಅಪಾಯಗಳನ್ನೂ ಮನೆಯಲ್ಲಿ ಕೂತು ಮಾತಾಡಿ. ಒಂದು, ಗೌಪ್ಯತೆ. 23ಆಂಡ್‌ಮೀ ಅನ್ನುವ ದೊಡ್ಡ ಕಂಪನಿಯಲ್ಲಿ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳುವಾಯಿತು, 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿಯನ್ನೂ ಹಾಕಿತು. ಪಾಸ್‌ವರ್ಡ್ ಬದಲಿಸಬಹುದು, ಡಿಎನ್‌ಎ ಬದಲಿಸಲು ಆಗುವುದಿಲ್ಲ. ಅದು ನಿಮ್ಮೊಬ್ಬರದೂ ಅಲ್ಲ, ನಿಮ್ಮ ಮಗನದೂ ತಮ್ಮನ ಮಕ್ಕಳದೂ ಹೌದು. ಇನ್ನೊಂದು, ಯಾರೂ ನಿರೀಕ್ಷಿಸದ ಉತ್ತರ. ಇಂಗ್ಲೆಂಡಿನ ಮೂರನೇ ರಿಚರ್ಡ್ ದೊರೆಯ ಮೂಳೆ 2012ರಲ್ಲಿ ಲೆಸ್ಟರ್‌ನ ಒಂದು ಕಾರ್ ಪಾರ್ಕಿಂಗ್ ಕೆಳಗೆ ಸಿಕ್ಕಿತು. ತಾಯಿಯ ಕಡೆಯ ಡಿಎನ್‌ಎ ಸರಿಯಾಗಿ ಹೊಂದಿತು. ಗಂಡುಮಕ್ಕಳ ಕಡೆಯಿಂದ ಬಂದ ಸಂಬಂಧಿಗಳ ವೈ ಮಾತ್ರ ಹೊಂದಲಿಲ್ಲ. ಕಾಗದದಲ್ಲಿ ಇದ್ದ ಅಪ್ಪ ಎಲ್ಲೋ ಒಂದು ತಲೆಮಾರಿನಲ್ಲಿ ನಿಜವಾದ ಅಪ್ಪ ಆಗಿರಲಿಲ್ಲ. ರಾಜರ ಮನೆಯಲ್ಲೇ ಹೀಗಾದ ಮೇಲೆ ನಮ್ಮ ನಿಮ್ಮ ಮನೆಗಳಲ್ಲೂ ಆಗಿರಬಹುದು. ಡಿಎನ್‌ಎ ಇಲ್ಲದೆಯೂ ಇಂಥವು ಹೊರಬೀಳುತ್ತವೆ. ಗಣಿಗೆ ಹೊರಟ ಗಂಡಸರಲ್ಲಿ ಎಷ್ಟೋ ಜನ ಹೆಂಡತಿಯನ್ನು ಊರಲ್ಲೇ ಬಿಟ್ಟು ಬಂದಿದ್ದರು, ದುಡ್ಡು ಕಳಿಸುತ್ತಿದ್ದರು, ಕೆಲವರು ನಿಲ್ಲಿಸಿದರು. 1911ರ ಗಣತಿಯಲ್ಲಿ ನಿಮ್ಮ ಜೇಮ್ಸ್‌ನ ಇನ್ನೊಬ್ಬ ಹೆಂಡತಿ ರೆಡ್ರೂತ್‌ನಲ್ಲಿ ಮಕ್ಕಳೊಂದಿಗೆ ಕಂಡರೆ ಅದನ್ನು 78 ವರ್ಷದ ಅಪ್ಪನಿಗೆ ಹೇಳುತ್ತೀರಾ, ಇಲ್ಲವಾ? ಮೊದಲೇ ಅವರನ್ನೇ ಕೇಳಿ: 'ಏನೇ ಸಿಕ್ಕರೂ ಹೇಳಲಾ?' ಅಂತ. ಅವರು ಬೇಡ ಅಂದರೆ ಡಿಎನ್‌ಎ ಬೇಡ, ಕಾಗದದ ಹುಡುಕಾಟ ನಿಮ್ಮ ಪಾಡಿಗೆ ನೀವು ಮುಂದುವರಿಸಿ. ಹೂಂ ಅಂದರೆ ತಡಮಾಡಬೇಡಿ.

ಒಟ್ಟು ನನ್ನ ಅಭಿಪ್ರಾಯ ಕೇಳಿದರೆ, ಡಿಎನ್‌ಎ ಕಿಟ್‌ಗೆ ಕೊಡುವ ದುಡ್ಡಿಗೆ ಮೊದಲು ಕೆಜಿಎಫ್‌ಗೆ ಹೋಗಿ ಬನ್ನಿ. ತಾತನ ಸರ್ವಿಸ್ ಕಾಗದ, ಪಿಎಫ್ ಕಾಗದ, ಶಾಲೆಯ ಟಿಸಿ, ಹಳೆಯ ಬೈಬಲ್ಲಿನ ಮೊದಲ ಪುಟ, ಇವನ್ನೆಲ್ಲ ಮನೆಯಲ್ಲಿ ತಡಕಿ ಫೋಟೋ ತೆಗೆದಿಟ್ಟುಕೊಳ್ಳಿ. ಎಷ್ಟೋ ಮನೆಗಳಲ್ಲಿ ಹುಟ್ಟುಸಾವಿನ ತಾರೀಕುಗಳನ್ನು ಬೈಬಲ್ಲಿನಲ್ಲೇ ಬರೆದಿಡುತ್ತಿದ್ದರು. ಅಪ್ಪನನ್ನು, ಅತ್ತೆಯವರನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಿ, ಒಟ್ಟಿಗೆ ಕೂತರೆ ಒಬ್ಬರ ಮಾತು ಇನ್ನೊಬ್ಬರ ನೆನಪನ್ನು ತಿದ್ದಿಬಿಡುತ್ತದೆ. 'ಇಂಗ್ಲೆಂಡಿನಲ್ಲಿ ಯಾವ ಊರು?' ಅಂತ ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ. 'ತಾತ ಹಾಡುತ್ತಿದ್ದರಾ, ಯಾವ ಚರ್ಚಿಗೆ ಹೋಗುತ್ತಿದ್ದರು, ಕ್ರಿಸ್‌ಮಸ್‌ಗೆ ಕಾಗದ ಎಲ್ಲಿಂದ ಬರುತ್ತಿತ್ತು, ಮನೆಯಲ್ಲಿ ಏನು ತಿಂಡಿ ಮಾಡುತ್ತಿದ್ದರು?' ಅಂತ ಕೇಳಿ. ಮಾಂಸ ಮತ್ತು ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಅನ್ನುವ ತಿಂಡಿಯ ಸುದ್ದಿ ಬಂದರೆ ಕಾರ್ನ್‌ವಾಲ್ ಕಡೆ ಇನ್ನೊಂದು ಹೆಜ್ಜೆ ಹತ್ತಿರವಾದಿರಿ. ಕೆಜಿಎಫ್‌ನ ಹಳೆಯ ಸಿಮೆಟ್ರಿಗಳಲ್ಲಿ ಸಮಾಧಿ ಕಲ್ಲುಗಳನ್ನೂ ನೋಡಿ, ಹೊರಗಿನಿಂದ ಬಂದವರ ಕಲ್ಲಿನ ಮೇಲೆ ಹುಟ್ಟೂರಿನ ಹೆಸರು ಕೆತ್ತಿರುವುದು ಉಂಟು. ಅಕ್ಷರ ಸವೆದಿದ್ದರೆ ಉಜ್ಜಬೇಡಿ, ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ, ಓದಲು ಬರುತ್ತದೆ.

ಇನ್ನು ನಿಮ್ಮ ಮಗನ ವೀಸಾ. ಬ್ರಿಟನ್ನಿನ ಆನ್ಸೆಸ್ಟ್ರಿ ವೀಸಾ ಕಾಮನ್‌ವೆಲ್ತ್ ದೇಶದವರಿಗೆ ಇದೆ, ಭಾರತವೂ ಅದರಲ್ಲಿ ಸೇರಿದೆ. ಆದರೆ ಅರ್ಜಿದಾರರ ಅಜ್ಜ ಅಥವಾ ಅಜ್ಜಿ ಬ್ರಿಟನ್ನಿನಲ್ಲಿ ಹುಟ್ಟಿರಬೇಕು, ಮುತ್ತಾತ ಸಾಲದು. ನಿಮ್ಮ ತಾತ ಹುಟ್ಟಿದ್ದು ಚಾಂಪಿಯನ್ ರೀಫ್‌ನಲ್ಲಿ, ಹಾಗಾಗಿ ಈ ಕಡೆಯಿಂದ ನಿಮಗೂ ಬರುವುದಿಲ್ಲ, ನಿಮ್ಮ ಮಗನಿಗೂ ಬರುವುದಿಲ್ಲ. ಲೆಕ್ಕಕ್ಕೆ ನಿಮ್ಮ ಅಪ್ಪನಿಗೆ ಬರಬಹುದಿತ್ತು, ಆದರೆ ಅಲ್ಲಿ ಕೆಲಸ ಮಾಡುವ ಉದ್ದೇಶ ಇರಬೇಕು ಅನ್ನುವ ಷರತ್ತೂ ಇದೆ. ಮುತ್ತಾತನ ದಾಖಲೆ ತೋರಿಸಿ ವೀಸಾ ಮಾಡಿಸಿಕೊಡುತ್ತೇನೆ ಅಂತ ಯಾವ ಏಜೆಂಟ್ ಬಂದರೂ ದುಡ್ಡು ಕೊಡಬೇಡಿ. ಬ್ಯಾಪ್ಟಿಸಂ ಸಾಲು ಸಿಕ್ಕಿದ ಮೇಲೆ ಅದರ ಫೋಟೋ ಹಾಕಿ ಇನ್ನೊಮ್ಮೆ ಬರೆಯಿರಿ, ಯಾವ ಜೇಮ್ಸ್ ನಿಮ್ಮವನು ಅಂತ ಒಟ್ಟಿಗೆ ನೋಡೋಣ.